ಕಾಪುವಿನಲ್ಲಿ ಕೊಡದ ಕರಿಮಣಿ

ಆ ಕೆಮ್ಮು, ಕೆಮ್ಮಿನಲ್ಲೂ ಒಂದು ಗತ್ತು ಉಂಟು, ಎಲ್ಲೋ ಕೇಳಿದ್ದೇನೆ, ಎದುರಿನ ಕುರ್ಚಿಯಲ್ಲಿ ಮಾಸ್ಕು, ಟೊಪ್ಪಿ, ಕಪ್ಪು ಕನ್ನಡಕ, ಇಷ್ಟೆಲ್ಲ ಮುಚ್ಚಿಕೊಂಡವನನ್ನು ಯಾರಾದರೂ ನೋಡದೆ ಇರುತ್ತಾರೆಯೇ — ಬೇಡ ಸಿರಿಲ್, ಬಾಗಿಲು ನೋಡು, ಬಾಗಿಲ ಮೇಲಿನ ಕೆಂಪು ದೀಪ ಇನ್ನೂ ಆರಿಲ್ಲ, ಅದರ ಹಿಂದೆ ವಿಲ್ಮಾ ಆ ಸ್ಕ್ಯಾನಿಂಗ್ ಕೊಳವೆಯೊಳಗೆ ಅಲುಗಾಡದೆ ಮಲಗಿದ್ದಾಳೆ, ನನ್ನ ಹೆಂಡತಿ ಎಚ್ಚರವಿದ್ದೂ ಇಷ್ಟು ಹೊತ್ತು ಸುಮ್ಮನಿರುವುದು ಇದೇ ಮೊದಲು, ತಲೆಯೊಳಗಿನ ನೆರಳು ಬೆಳೆದಿದೆಯೋ ಇಲ್ಲವೋ ಇವತ್ತು ಗೊತ್ತಾಗುತ್ತದೆ, ಹೋದ ಸಲ ಡಾಕ್ಟರು ಹೇಳಿದ್ದು ನೆರಳು ಎಂದೇ, ಒಂದು ಸಣ್ಣ ನೆರಳು ಉಂಟು, ನೋಡುವ, ಎಂದು, ಸಂಜೆ ಮಳೆ ಬರುತ್ತದಾ ನೋಡುವ ಎಂಬ ಹಾಗೆ, ಮತ್ತು ನನ್ನ ಮುಷ್ಟಿಯಲ್ಲಿ ಅವಳ ಚಿನ್ನದ ಶಿಲುಬೆಯ ಕರಿಮಣಿ, ಬೆವರಿಗೆ ಒದ್ದೆ. ಅಮ್ಮಾರ, ಕೊಳ್ಳಾಗಿಂದು ತಗೀಬೇಕ್ರಿ, ಮಶೀನ್ ಒಳಗ ಲೋಹ ನಡಿಯಂಗಿಲ್ಲ, ಎಂದಳು ಮಹಾಲಕ್ಷ್ಮಿ, ಈ ಬಾಗಿಲು ಕಾಯುವ ಬಾಗಲಕೋಟೆ ಕಡೆಯ ಹುಡುಗಿ, ಮಣಿಪಾಲಕ್ಕೆ ಬಂದು ವರ್ಷಗಳಾದರೂ ನಮ್ಮ ‘ಉಂಟು’ ಅವಳ ನಾಲಿಗೆಗೆ ಹತ್ತಿಲ್ಲ, ಮತ್ತು ನಾನು, ಕಾರ್ಕಳದಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸಿಯೇ ಪೆನ್ಶನ್ನಿಗೆ ಬಂದವನು, ಚಿನ್ನ ಅಯಸ್ಕಾಂತಕ್ಕೆ ಅಂಟುವುದಿಲ್ಲಮ್ಮ ಎಂದೆ, ನನ್ನ ಜೀವನದ ಅತ್ಯಂತ ನಿಷ್ಪ್ರಯೋಜಕ ಪಾಠ, ಅಂಟ್ಲಿ ಬಿಡ್ಲಿ, ರೂಲ್ಸ್ ರೂಲ್ಸ್ ರೀ ಸರ, ಎಂದಳು. ವಿಲ್ಮಾಳ ಬಲಗೈ ಈಗ ಚಹಾದ ಲೋಟವನ್ನೂ ಹಿಡಿಯುವುದಿಲ್ಲ, ಕೊಕ್ಕೆ ನಾನೇ ಬಿಚ್ಚಬೇಕಾಯಿತು, ನಮ್ಮ ಕ್ರಿಸ್ತುವರಲ್ಲಿ ಅದು ಹೆಂಗಸಿನ ಕೊರಳಿನಿಂದ ಇಳಿಯುವುದು ಗಂಡನ ಶವಪೆಟ್ಟಿಗೆಗೆ ಮುಚ್ಚಳ ಬೀಳುವ ದಿನ, ಗಂಡನೇ ನಿಂತು ಬಿಚ್ಚುವ ಕ್ರಮ ಯಾವ ಊರಿನಲ್ಲೂ ಇಲ್ಲ, ಅವಳಾದರೋ ನಕ್ಕಳು, ಹೋಗುವ ಮೊದಲೇ ತೆಗೆದುಬಿಟ್ಟಿರಲ್ಲ ಮಾರಾಯ್ರೇ, ಈಗ ನೀವು ಸತ್ತ ಲೆಕ್ಕವಾ, ನಾನು ನಗಲಿಲ್ಲ, ಕರಿಮಣಿ ಇದ್ದ ಜಾಗದಲ್ಲಿ ಕುತ್ತಿಗೆಯ ಸುತ್ತ ಒಂದು ಬಿಳಿ ಗೆರೆ, ಇಷ್ಟು ವರ್ಷ ಬಿಸಿಲು ಮುಟ್ಟದ ಚರ್ಮ, ದಾರದಷ್ಟು ಸಪೂರ, ಅದನ್ನು ನಾನು ನೋಡಬಾರದಿತ್ತು.

ಇನ್ನೂ ಎಷ್ಟು ಹೊತ್ತಮ್ಮಾ, ಎಂದ ಎದುರಿನವನು, ಮುಗಿಯಿತು, ಟೊಪ್ಪಿ ಮಾಸ್ಕೆಲ್ಲ ದಂಡ, ಆ ‘ಅಮ್ಮಾ’ ಎಂಬ ಎಳೆತಕ್ಕೆ ಉಡುಪಿಯ ಟಾಕೀಸಿನ ಮುಂದಿನ ಬೆಂಚುಗಳು ಸೀಟಿ ಹೊಡೆಯುತ್ತಿದ್ದವು, ಮಹಾಲಕ್ಷ್ಮಿಯೂ ತಲೆ ಎತ್ತಿದಳು, ನಿಮ್ಮ ದನಿ ಥೇಟ್ ಆ ಹೀರೋನಂಗ ಐತಲ್ರೀ, ಹೌದಮ್ಮಾ, ಎಲ್ಲರೂ ಹಾಗೇ ಹೇಳ್ತಾರೆ, ಎಂದ ಅವನು, ಅಂವಾ ಈಗ ಭಾಳ ಮುದುಕ ಆಗ್ಯಾನ ಬಿಡ್ರಿ, ಎಂದು ಅವಳು ಸಮಾಧಾನ ಹೇಳಿದಳು, ಅವನು ಒಪ್ಪಿ ತಲೆಯಾಡಿಸಿದ. ವಿಲ್ಮಾ ಹೊರಗಿದ್ದಿದ್ದರೆ ಇಷ್ಟರಲ್ಲಿ ಅವನ ಶುಗರು, ಸೊಸೆ, ಮೊಣಕಾಲು ಎಲ್ಲ ವಿಚಾರಿಸಿ ಆಗುತ್ತಿತ್ತು, ದೊಡ್ಡವರನ್ನು ಗುರುತಿಸುವುದು ನಾನು, ಮಾತಾಡುವುದು ಅವಳು, ಇದು ನಮ್ಮ ಮನೆಯ ಏರ್ಪಾಡು — ಉಡುಪಿಯ ಹೊಟೇಲಿನಲ್ಲಿ ಬೇರೆ ಜಾಗವಿಲ್ಲದೆ ಹೆಸರುವಾಸಿ ಗಾಯಕಿ ನಮ್ಮ ಮೇಜಿಗೇ ಬಂದು ಕೂತಾಗ ನಾನು, ನಮ್ಮೂರಿನ ಮರ್ಯಾದೆಯಂತೆ, ಗುರುತೇ ಸಿಗದವನ ಹಾಗೆ ಗೋಳಿಬಜೆಯನ್ನು ಪರೀಕ್ಷಿಸುತ್ತಿದ್ದೆ, ವಿಲ್ಮಾ ಚಟ್ನಿಯ ಬಟ್ಟಲನ್ನು ಅವರ ಕೈಯಿಂದ ದೂರ ಸರಿಸಿ, ಖಾರ ಉಂಟು, ಗಂಟಲು ನೋಡಿಕೊಳ್ಳಿ, ಎಂದಳು, ಅಜೆಕಾರಿನ ತಿರುವಿನಲ್ಲಿ ಮಂತ್ರಿಯ ಕಾರು ಪಂಕ್ಚರಾದಾಗ ಅವರಿಗೆ ಎಳನೀರಿನ ಬೊಂಡ ಕೆತ್ತಿಸಿ ಕೊಟ್ಟು, ಈ ರಸ್ತೆ ನಿಮ್ಮದೇ ಅಲ್ವಾ, ಎಂದವಳೂ ಅವಳೇ, ನಾನು ಜಾಕ್ ಹಿಡಿದುಕೊಂಡಿದ್ದೆ. ಮತ್ತು ಇವನು, ಇವನು ಸಿಕ್ಕಿದ್ದು ಕಾಪುವಿನ ಕಡಲತೀರದಲ್ಲಿ — ಮದುವೆಯಾದ ವರ್ಷ, ಲೈಟ್‌ಹೌಸಿನ ಬಂಡೆಯ ಕೆಳಗೆ ಶೂಟಿಂಗು, ನಾಯಕಿಯ ತಾಳಿಯನ್ನು ತೆರೆ ಕೊಂಡುಹೋಗಿದೆ, ಬೆಳಕು ಇಳಿಯುತ್ತಿದೆ, ಡೈರೆಕ್ಟರು ಸಮುದ್ರಕ್ಕೇ ಬೈಯುತ್ತಿದ್ದಾನೆ, ಒಬ್ಬ ಅಸಿಸ್ಟೆಂಟು ಗುಂಪಿನ ಕೊರಳುಗಳನ್ನೆಲ್ಲ ನೋಡುತ್ತ ಬಂದು ವಿಲ್ಮಾಳ ಮುಂದೆ ನಿಂತ, ಅಕ್ಕಾ, ಒಂದೇ ಶಾಟ್, ಶಿಲುಬೆ ಹಿಂದಕ್ಕೆ ತಿರುಗಿಸಿದ್ರೆ ಯಾರಿಗೂ ಗೊತ್ತಾಗಲ್ಲ, ಆಗುವುದಿಲ್ಲ ಎಂದಳು, ಆಗ ಹೀರೋನೇ ಬಂದ, ಬಣ್ಣ ಬಳಿದ ಮುಖ, ಕೊಡಮ್ಮಾ, ನನ್ನ ಕೈಯಾರೆ ವಾಪಸು ಕೊಡ್ತೇನೆ, ಮತ್ತು ಅವನ ಒಂದು ಸಿನಿಮಾವನ್ನೂ ಬಿಡದ ನನ್ನ ವಿಲ್ಮಾ ಕರಿಮಣಿಯನ್ನು ಮುಷ್ಟಿಯೊಳಗೆ ಹಿಡಿದು, ಇದು ಇಳಿಯುವುದು ಇವರು ಹೋದ ಮೇಲೆ, ಇವರು ಇಲ್ಲೇ ನಿಂತಿದ್ದಾರೆ ನೋಡಿ, ಎಂದು ನನ್ನನ್ನು ಸಾಕ್ಷಿಯ ಹಾಗೆ ತೋರಿಸಿದಳು, ಬದುಕಿದ್ದೇನೆಂದು ರುಜುವಾತು ಮಾಡಲು ನಾನು ಸ್ವಲ್ಪ ನಕ್ಕೆ, ಅವನು ಕೈಮುಗಿದ, ತಪ್ಪಾಯ್ತಮ್ಮಾ.

ಹೇಳಬೇಕು, ಅವಳು ಒಳಗಿದ್ದಾಳೆ ಎಂದು ಹೇಳಬೇಕು, ಹೇಳದಿದ್ದರೆ ಹೊರಗೆ ಬಂದವಳೇ ಬೈಯುತ್ತಾಳೆ, ಎದುರೇ ಕೂತು ಬಾಯಿ ಬಿಡಲಿಲ್ಲವಾ ನೀವು, ನಿಮಗೆ ಬಾಯಿ ಇರುವುದು ಊಟಕ್ಕೆ ಮಾತ್ರವಾ, ಬೈಯಲಿ, ದೇವರೇ, ಬೈಯುವ ನಾಲಿಗೆ ಅವಳಿಗೆ ಉಳಿದಿರಲಿ, ಕೆಂಪು ದೀಪ ಇನ್ನೂ ಉರಿಯುತ್ತಿದೆ, ಇಷ್ಟು ಹೊತ್ತು ಯಾಕೆ — ಪಕ್ಕದ ಕೋಣೆಯ ಬಾಗಿಲು ತೆರೆಯಿತು, ಗಾಲಿಕುರ್ಚಿ, ಅದರಲ್ಲಿ ಆಸ್ಪತ್ರೆಯ ನಿಲುವಂಗಿಯೊಳಗೆ ಕಳೆದುಹೋದಂಥ ಹೆಂಗಸು, ಅವನು ಧಡಕ್ಕನೆ ಎದ್ದ, ಜೇಬಿನಿಂದ ಮಾಂಗಲ್ಯ ತೆಗೆದ, ತೆರೆಯ ಮೇಲೆ ಎಷ್ಟು ನಾಯಕಿಯರಿಗೆ ಗಟ್ಟಿಮೇಳದ ನಡುವೆ ಕಟ್ಟಿದವನು, ಈಗ ಎಷ್ಟು ಸಲ ಹಾಕಿದರೂ ಕೊಕ್ಕೆ ಕೂರುವುದೇ ಇಲ್ಲ, ಬಿಡಿ, ಮನೆಗೆ ಹೋಗಿ ಹಾಕಿಕೊಳ್ತೇನೆ, ಎನ್ನುತ್ತಾಳೆ ಆಕೆ, ಬೇಡ, ಈಗಲೇ, ಎನ್ನುತ್ತಾನೆ, ನನ್ನ ಕಡೆ ತಿರುಗುತ್ತಾನೆ, ಸಾರ್, ಇದೊಂದು ಕೊಕ್ಕೆ. ಎರಡೂ ಕೈ ಬೇಕು, ಮುಷ್ಟಿ ತೆರೆಯಬೇಕು, ಅವನು ನೋಡಿದ, ಕೊಡಿ, ಹಿಡ್ಕೊಂಡಿರ್ತೇನೆ, ಅಂಗೈ ಚಾಚಿದ, ಜೇಬಿಗೆ ಹಾಕಬಹುದಿತ್ತು, ಹಾಕಲಿಲ್ಲ, ಕೊಟ್ಟುಬಿಟ್ಟೆ, ಕಾಪುವಿನಲ್ಲಿ ಅವಳು ಕೊಡದ್ದನ್ನು ಮಣಿಪಾಲದಲ್ಲಿ ನಾನು ಕೊಟ್ಟೆ, ಆ ಹೆಂಗಸಿನ ಕುತ್ತಿಗೆಯ ಹಿಂದೆ ಬಾಗಿದೆ, ಅಲ್ಲಿಯೂ ಒಂದು ಬಿಳಿ ಗೆರೆ, ಅದರ ಮೇಲೆಯೇ ಸರವನ್ನು ಕೂರಿಸಿದೆ, ಕೊಕ್ಕೆ ಬಿತ್ತು, ಗೆರೆ ಮುಚ್ಚಿತು, ಇಷ್ಟೇ ಕೆಲಸ, ಇಷ್ಟೇ, ಸಾರ್, ನಮ್ಮವಳನ್ನು ನೀವು ಒಮ್ಮೆ ಕಾಪುವಿನಲ್ಲಿ, ಎಂದು ನನ್ನ ಬಾಯಿ ಕೊನೆಗೂ ತೆರೆಯಿತು, ಅಷ್ಟರಲ್ಲಿ ಕೆಂಪು ದೀಪ ಆರಿತು. ವಿಲ್ಮಾ ಅವರ ಕಡೇವ್ರು, ಎಂದಳು ಮಹಾಲಕ್ಷ್ಮಿ, ಇಷ್ಟು ಹೊತ್ತು ಸರ ಸರ ಎಂದವಳು ಹತ್ತಿರ ಬಂದು ದನಿ ತಗ್ಗಿಸಿ, ಅಪ್ಪಾರ, ಡಾಕ್ಟರ್ ಕರ್ಯಾಕತ್ತಾರ, ಮೊದಲ ನೀವೊಬ್ರ ಬರಬೇಕಂತ, ಅಮ್ಮಾರನ್ನ ನಾ ಆಮ್ಯಾಲೆ ಕರಕೊಂಡ್ ಬರ್ತೀನಿ, ನಾನೊಬ್ಬನೇ ಯಾಕೆ, ಮೊದಲು ಯಾಕೆ, ಅಪ್ಪಾರ ಯಾಕೆ, ತಗೊಳ್ಳಿ ಸಾರ್, ಎನ್ನುತ್ತಿದ್ದಾನೆ ಅವನು, ಚಾಚಿದ ಅಂಗೈಯಲ್ಲಿ ಕರಿಮಣಿ, ಶಿಲುಬೆ ಮಗುಚಿ ಬಿದ್ದಿದೆ, ತೆಗೆದುಕೋ ಸಿರಿಲ್, ಕೈ ನೀಡು, ಕೈ ಬರುತ್ತಿಲ್ಲ, ಅರ್ಧ ತೆರೆದ ಬಾಗಿಲಿನಲ್ಲಿ ಬಿಳಿ ಹೊದಿಕೆ, ಆಚೆ ತಿರುಗಿದ ಅವಳ ಮುಖ, ಕೆಳಗೆ ಬರಿಯ ಕುತ್ತಿಗೆ, ಬಿಳಿ ಗೆರೆ, ದಾರದಷ್ಟು ಸಪೂರ, ಆ ಬಿಳಿ ಗೆರೆ