ಕಣ್ಣೀರು ಸುಳಿ

ಊರಿನವರು ಆಮೇಲೆ ಏನೇ ಆಡಿಕೊಂಡಿರಲಿ, ಸೊಣ್ಣಪ್ಪ ಕುದುರೆ ತಂದದ್ದು ಹೆಂಡತಿಗಾಗಿ. ಅವನ ಮೊದಲನೆಯ ಕೂಸು ದೇವರಾಯಸಮುದ್ರದಿಂದ ಕೋಲಾರಕ್ಕೆ ಹೋಗುವ ದಾರಿಯಲ್ಲಿ, ಎತ್ತಿನ ಗಾಡಿಯ ಹುಲ್ಲಿನ ಮೇಲೆ, ತಾಯಿಯ ಹೊಟ್ಟೆಯೊಳಗೇ ಹೋಗಿಬಿಟ್ಟಿತ್ತು. ಹೆರಿಗೆ ಆಸ್ಪತ್ರೆಯ ಡಾಕ್ಟರಮ್ಮ ಕೈ ತೊಳೆದುಕೊಳ್ಳುತ್ತಾ, "ಎರಡು ಗಂಟೆ ಮುಂಚೆ ಬಂದಿದ್ರೆ ಉಳೀತಿತ್ತಪ್ಪ" ಅಂದಿದ್ದಳು. ಆ ಎರಡು ಗಂಟೆ ಸೊಣ್ಣಪ್ಪನ ಕಿವಿಯಲ್ಲಿ ಕೂತುಬಿಟ್ಟಿತು. ಹನ್ನೆರಡು ಮೈಲಿಗೆ ಕಮ್ಮಿಯಿಲ್ಲದ ದಾರಿ. ಎತ್ತಿಗೆ ಐದು ಗಂಟೆ, ಕುದುರೆಗೆ ಎರಡು. ಬಸ್ಸನ್ನು ನೆಚ್ಚುವ ಹಾಗಿರಲಿಲ್ಲ. ಯುದ್ಧದ ದೆಸೆಯಿಂದ ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು, ಏರು ಬಂದ ಕಡೆಯೆಲ್ಲ ಜನರನ್ನು ಇಳಿಸಿ ತಳ್ಳಿಸಿಕೊಳ್ಳುತ್ತಿತ್ತು.

ಅದೇ ಯುದ್ಧ ಇನ್ನೊಂದು ಕೈಯಲ್ಲಿ ಕೊಡುತ್ತಲೂ ಇತ್ತು. ವಿಮಾನದಿಂದ ಹಾರುವ ಸಿಪಾಯಿಗಳ ಛತ್ರಿಗೆ ನಮ್ಮ ಕಡೆಯ ರೇಷ್ಮೆ ಬೇಕಂತೆ ಎಂದು ಸುದ್ದಿಯಾಯಿತು, ಗೂಡಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಹಿಪ್ಪುನೇರಳೆ ಇಟ್ಟಿದ್ದವರು ಮನೆಗೆ ಮಂಗಳೂರು ಹೆಂಚು ಹೊದಿಸಿದರು, ಹೆಣ್ಣುಮಕ್ಕಳ ಕಿವಿಗೆ ಓಲೆ ಮಾಡಿಸಿದರು. ಸೊಣ್ಣಪ್ಪ ಎರಡು ಬೆಳೆಯ ದುಡ್ಡು ಸೊಂಟಕ್ಕೆ ಕಟ್ಟಿಕೊಂಡು ಶ್ರೀನಿವಾಸಪುರಕ್ಕೆ ನಡೆದ.

ಅಲ್ಲಿ ಬುಡನ್ ಸಾಬಿ ಎಂಬ ಮುದುಕ ಜಟಕಾ ಓಡಿಸುವುದನ್ನು ಬಿಟ್ಟು ಕುದುರೆಯನ್ನೂ ಗಾಡಿಯನ್ನೂ ಮಾರಾಟಕ್ಕಿಟ್ಟಿದ್ದ. ಕೆಂಚು ಬಣ್ಣದ ಹೆಣ್ಣು ಕುದುರೆ. ಕಾಲು ಗಟ್ಟಿ, ಉಸಿರು ಗಟ್ಟಿ. ಹೇಳಿದ ಬೆಲೆ ಮಾತ್ರ ಅರ್ಧಕ್ಕೂ ಕಮ್ಮಿ.

"ಸುಳ್ಳು ಹೇಳಲ್ಲ ಗೌಡ್ರೇ" ಎಂದು ಸಾಬಿ ಕುದುರೆಯ ಕಣ್ಣುಪಟ್ಟಿ ಬಿಚ್ಚಿದ. "ಇಲ್ಲಿ ನೋಡಿ, ಎಡಗಣ್ಣಿನ ಕೆಳಗೆ ಸುಳಿ. ನಿಮ್ಮೋರು ಕಣ್ಣೀರು ಸುಳಿ ಅಂತಾರೆ. ಕಟ್ಟಿದ ಮನೇಲಿ ಅಳು ತಪ್ಪಲ್ಲ ಅಂತಾರೆ. ಮೂರು ಜನ ಇದನ್ನ ನೋಡಿ ಹಿಂದಕ್ಕೆ ಹೋದ್ರು."

"ನಿಮ್ಮ ಮನೇಲಿ ಏನಾದ್ರೂ ಆಯ್ತಾ ಸಾಬ್ರೇ?"

"ಆರು ವರ್ಷದಿಂದ ಐತೆ. ಇದರ ಬೆನ್ನಿನ ಮೇಲೇ ನಾಲ್ಕು ಹೆಣ್ಣುಮಕ್ಕಳ ಮದುವೆ ಮಾಡ್ದೆ. ಅವರನ್ನ ಕಳಿಸೋವಾಗ ಅತ್ತಿದ್ದು ನಿಜ."

ಸೊಣ್ಣಪ್ಪ ನಕ್ಕ. ಸುಳಿಯನ್ನು ಅವನು ನಂಬಲಿಲ್ಲ ಅಂದರೆ ಅದು ಪೂರಾ ನಿಜವಾಗುವುದಿಲ್ಲ. ಬೇಡದ ಪಾತ್ರೆಯನ್ನು ಅಟ್ಟಕ್ಕೆ ಎತ್ತಿಡುವ ಹಾಗೆ ಆ ನಂಬಿಕೆಯನ್ನು ಸದ್ಯಕ್ಕೆ ಎತ್ತಿಟ್ಟ. ದುಡ್ಡು ಎಣಿಸಿಕೊಟ್ಟು, "ಈ ಕಣ್ಣುಪಟ್ಟಿ ನನಗೇ ಬಿಡಿ" ಅಂದ. ಪಟ್ಟಿ ಹಾಕಿದರೆ ಸುಳಿ ಅದರ ತೊಗಲಿನ ಅಡಿಗೆ ಸೇರುತ್ತಿತ್ತು.

ಊರಿಗೆ ತಂದು ಕಟ್ಟಿದ ಮೇಲೆ ಗೊತ್ತಾಯಿತು, ಕುದುರೆ ಕೊಳ್ಳುವುದು ಸುಲಭ, ಸಾಕುವುದೇ ಬೇರೆ ವಿದ್ಯೆ ಎಂದು. ಎತ್ತು ಸಿಕ್ಕಿದ್ದನ್ನು ಮೇದು ಮಲಗಿ ಮೆಲುಕು ಹಾಕುತ್ತದೆ. ಇದಕ್ಕೆ ದಿನಕ್ಕೆ ಎರಡು ಸೇರು ಹುರುಳಿ ನೆನೆಸಬೇಕು, ಬೇಯಿಸಬೇಕು. ಬಗ್ಗಡದ ನೀರು ಮೂಸಿ ತಲೆ ತಿರುಗಿಸುತ್ತದೆ. ಬೆಳಗ್ಗೆ ಸಂಜೆ ಮೈ ಉಜ್ಜಬೇಕು. ತಿಂಗಳಿಗೊಮ್ಮೆ ಕೋಲಾರಕ್ಕೆ ಹೊಡೆದುಕೊಂಡು ಹೋಗಿ ಗೊರಸಿಗೆ ನಾಲು ಹಾಕಿಸಬೇಕು, ಅವತ್ತಿನ ಹೊಲದ ಕೆಲಸ ಅಲ್ಲಿಗೆ ಮುಗಿಯಿತು. ಹೊಸ ಮಳೆಯ ಎಳೆ ಹುಲ್ಲು ತಿಂದು ಒಂದು ಸಲ ಹೊಟ್ಟೆ ಉಬ್ಬಿ ಬಿದ್ದುಕೊಂಡಿತು. ಊರಲ್ಲಿ ಯಾರಿಗೂ ಕುದುರೆಯ ಮದ್ದು ತಿಳಿಯದು. ಗಂಡ ಹೆಂಡತಿ ಇಬ್ಬರೇ ಓಮದ ಕಷಾಯ ಕುಡಿಸಿ, ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನವರೆಗೆ ಕೆರೆ ಏರಿಯ ಮೇಲೆ ನಡೆಸಿದರು.

ಸೊಣ್ಣಪ್ಪನ ತಾಯಿ ಬಚ್ಚಮ್ಮನಿಗೆ ಮೊದಲ ದಿನದಿಂದಲೇ ಅದನ್ನು ಕಂಡರೆ ಆಗದು. "ಉಳಲ್ಲ, ಕರೆಯಲ್ಲ. ಇದರ ಲದ್ದಿಲಿ ಅಂಗಳ ಸಾರಿಸೋಕಾಯ್ತದಾ, ಬೆರಣಿ ತಟ್ಟೋಕಾಯ್ತದಾ? ಮನೆ ಅಳಿಯನ್ನ ತಂದು ಕಟ್ಕೊಂಡಂಗಾಯ್ತು ಕಣೋ ನಾಯನಾ" ಅನ್ನುವಳು.

ಸರ್ಕಾರಕ್ಕೆ ಲೆವಿ ರಾಗಿ ಅಳೆದುಕೊಟ್ಟು ಜನ ಅರೆಹೊಟ್ಟೆಯಲ್ಲಿದ್ದ ವರ್ಷ ಅದು. ಸೊಣ್ಣಪ್ಪನ ಮನೆಯಿಂದ ಬೇಯುವ ಹುರುಳಿಯ ವಾಸನೆ ಬೀದಿಗೆ ಬಂದರೆ, ಹೋಗುವವರು ನಿಂತು, "ಏನ್ಲಾ ಸೊಣ್ಣ, ಮುಂದಿನ ಜನ್ಮಕ್ಕೆ ನಿನ್ನ ಕೊಟ್ಟಿಗೇಲೇ ಹುಟ್ತೀನಿ ಬಿಡು" ಅನ್ನುತ್ತಿದ್ದರು. ನಗುತ್ತಲೇ ಅನ್ನುತ್ತಿದ್ದರು, ಆದರೆ ನಿಂತೇ ಇರುತ್ತಿದ್ದರು.

ಹೆಂಡತಿ ಕದಿರಮ್ಮ ಮಾತ್ರ ಒಂದು ಮಾತೂ ಆಡಲಿಲ್ಲ. ಹುರುಳಿ ಬೇಯಿಸುವುದು, ಮುಖ ತೊಳೆಸುವುದು ಎಲ್ಲ ಅವಳದೇ. ಮತ್ತೆ ಬಸುರಿಯಾಗಿ ನಾಲ್ಕು ತಿಂಗಳು ತುಂಬಿದಾಗ ಸೊಣ್ಣಪ್ಪ ಅವಳನ್ನು ಜಟಕಾದಲ್ಲಿ ಕೂರಿಸಿಕೊಂಡು ಕುರುಡುಮಲೆಗೆ ಹೋದ. ಗಣೇಶನಿಗೆ ಕಾಯಿ ಒಡೆಸಿಕೊಂಡು ಬರುವಾಗ, ಹಿಂದಿನಿಂದ ಕದಿರಮ್ಮ ಅಂದಳು:

"ಇದು ಓಡಿದ್ರೆ ಹೊಟ್ಟೇಲಿರೋ ನೀರೂ ಅಲುಗಲ್ಲ ಕಣ್ರಿ."

"ಕೋಲಾರಕ್ಕೆ ಎರಡೇ ಗಂಟೆ" ಎಂದ ಸೊಣ್ಣಪ್ಪ.

"ಗೊತ್ತು. ನೂರು ಸಲ ಹೇಳಿದ್ದೀರಿ" ಎಂದು ಅವಳು ನಕ್ಕಳು. ಕೂಸು ಹೋದ ಮೇಲೆ ಅವಳು ನಕ್ಕದ್ದನ್ನು ಅವನು ಕೇಳಿದ್ದು ಅದೇ ಮೊದಲು.

ಕುದುರೆಯ ಇನ್ನೊಂದು ಖರ್ಚನ್ನು ಸೊಣ್ಣಪ್ಪ ಎಣಿಸಿರಲಿಲ್ಲ. ಊರಿಗೆ ಒಂದೇ ಕುದುರೆ ಇದ್ದರೆ ಅದು ಊರಿನದೇ. ಅಮಲ್ದಾರರು ಲೆವಿ ನೋಡಲು ಬಂದರೆ ಪಟೇಲ ಅಪ್ಪಾಜಪ್ಪನವರಿಂದ ಕರೆ. ಮದುವೆ ಗಂಡಿಗೆ ಮೆರವಣಿಗೆ ಅಂದರೆ ಕರೆ. ಪಟೇಲರ ಅಳಿಯ ಬಸ್ಸಿಳಿದರೂ ಕರೆ. ಕೇಳಿದವರು ಒಂದು ಹಿಡಿ ಹುರುಳಿ ಕೊಟ್ಟವರಲ್ಲ. ಕುದುರೆ ಬಾಯಲ್ಲಿ ನೊರೆ ಬರಿಸಿಕೊಂಡು ಹಿಂದಕ್ಕೆ ಬಂದರೆ ಕದಿರಮ್ಮ ಬಿಸಿನೀರಿನಲ್ಲಿ ಕಾಲು ತೊಳೆಯುವಳು.

ಕದಿರಮ್ಮನಿಗೆ ಒಂಬತ್ತು ತುಂಬಿದ ವಾರ ಪಟೇಲರು ತಾವೇ ಅಂಗಳಕ್ಕೆ ಬಂದರು. ಮುಳಬಾಗಿಲಲ್ಲಿ ಬೀಗರ ಮನೆ ಗೃಹಪ್ರವೇಶ, ಎರಡು ದಿನಕ್ಕೆ ಜಟಕಾ ಬೇಕು.

"ಈ ಒಂದು ಸಲ ಬೇಡಿ ಪಟೇಲ್ರೇ. ಮನೇಲಿ ದಿನ ತುಂಬೈತೆ. ಹೆರಿಗೆ ಆಗೋವರೆಗೂ ಗಾಡಿ ಅಂಗಳ ಬಿಟ್ಟು ಕದಲಿಸಲ್ಲ."

"ನಮ್ಮ ಮನೇಲೂ ಹೆಂಗಸರು ಹೆತ್ತವರೇ ಕಣಪ್ಪ. ಕುದುರೆ ಇಟ್ಕೊಂಡು ಹೆರಲಿಲ್ಲ."

"ತಪ್ಪು ತಿಳೀಬೇಡಿ."

ಕುದುರೆ ಆಗ ಕಣ್ಣುಪಟ್ಟಿಯಿಲ್ಲದೆ ಬಾನಿಯಲ್ಲಿ ನೀರು ಕುಡಿಯುತ್ತಿತ್ತು. ಪಟೇಲರು ಎತ್ತಿನ ಸಂತೆಯಲ್ಲಿ ಹಲ್ಲು, ಸುಳಿ ನೋಡಿ ಹೇಳುವುದರಲ್ಲಿ ಆ ಸೀಮೆಗೇ ಹೆಸರಾದ ಮನುಷ್ಯ. ಹತ್ತಿರ ಹೋಗಿ ಗಲ್ಲ ಹಿಡಿದು ಮುಖ ಬೆಳಕಿಗೆ ತಿರುಗಿಸಿದರು. ಆಮೇಲೆ ಜಗಲಿಯ ಮೇಲೆ ಸೊಪ್ಪು ಹೆಚ್ಚುತ್ತಿದ್ದ ಬಚ್ಚಮ್ಮನ ಕಡೆ ತಿರುಗಿ, ಬಹಳ ಮೆತ್ತಗೆ ಹೇಳಿದರು:

"ಬಚ್ಚಕ್ಕಾ, ಕಣ್ಣೀರು ಸುಳಿ ಐತಲ್ಲಮ್ಮ ಇದಕ್ಕೆ. ಬಸುರಿ ಇರೋ ಮನೇಲಿ ಇಂಥದ್ದು ಕಟ್ಟಿದ್ದೀರಿ. ನಿಮ್ಮ ಮಗನಿಗೆ ತಿಳಿದೇ ತಂದನೋ, ತಿಳೀದೆ ತಂದನೋ."

ಅಷ್ಟು ಹೇಳಿ ಹೊರಟುಹೋದರು. ಬಚ್ಚಮ್ಮ ಮಗನ ಮುಖ ನೋಡಿದಳು. ಅವನು ನೆಲ ನೋಡಿದ. ತಿಳಿದೇ ತಂದದ್ದೆಂದು ಅವಳಿಗೆ ಅದರಲ್ಲೇ ಗೊತ್ತಾಯಿತು. ಸಂಜೆಗೆ ಊರಿಗೆಲ್ಲ ಗೊತ್ತಾಯಿತು.

ನಾಲ್ಕನೆಯ ದಿನ, ಹೊತ್ತು ಹುಟ್ಟಿ ಒಂದು ಮಾರು ಏರಿತ್ತು. ರೇಷ್ಮೆ ಹುಳು ಪೊರೆ ಕಳಚುವ ಕೊನೆಯ ಜ್ವರದಿಂದ ಎದ್ದು ತಟ್ಟೆ ತುಂಬಾ ಸೊಪ್ಪಿಗಾಗಿ ಬಾಯಿ ಬಿಡುತ್ತಿದ್ದವು. ಒಳಗಿನಿಂದ ಸೂಲಗಿತ್ತಿ ದೊಡ್ಡಗಂಗಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, "ಕೂಸು ಅಡ್ಡ ತಿರುಗೈತೆ. ನನ್ನ ಕೈಯಿಂದ ಆಗೋದಲ್ಲ. ಕೋಲಾರಕ್ಕೆ ಹೊರಡಿ" ಅಂದಳು.

ಸೊಣ್ಣಪ್ಪ ಸೊಪ್ಪಿನ ಹೊರೆ ಕೆಳಗೆ ಹಾಕಿ ಗೂಟದಿಂದ ಕಣ್ಣುಪಟ್ಟಿ ತೆಗೆದುಕೊಂಡ. ಜಟಕಾ ಅಂಗಳದಲ್ಲೇ ಇತ್ತು, ಹಾಸಿಗೆ ಹಾಸಿ ವಾರವಾಗಿತ್ತು. ಕುದುರೆ ಅವನನ್ನು ಕಂಡದ್ದೇ, ದಿನವೂ ಮಾಡುವಂತೆ ತಲೆ ತಗ್ಗಿಸಿ ನಿಂತುಕೊಂಡಿತು.

ಬಚ್ಚಮ್ಮ ಬಂದು, ಜಟಕಾಕ್ಕೆ ಕುದುರೆ ಕಟ್ಟುವ ಎರಡು ಮರಗಳ ನಡುವೆ ನಿಂತಳು.

"ಇದನ್ನ ಕಟ್ಟಕೂಡದು."

"ಅಮ್ಮ, ಜರುಗು. ಹೊತ್ತಿಲ್ಲ."

"ಒಂದು ಹೋಯ್ತು. ಈಗ ಎರಡು ಜೀವ ಇದರ ಹಿಂದೆ ಕೂರಿಸ್ತೀಯಾ? ನನ್ನ ಮೇಲೆ ಹರಿಸ್ಕೊಂಡು ಹೋಗು."

ಒಳಗಿನಿಂದ ಕದಿರಮ್ಮ ಒಬ್ಬಳೇ ನಡೆದು ಬಂದಳು. ಕಂಬ ಹಿಡಿದು, ಒಂದು ನೋವು ಹಾದುಹೋಗುವವರೆಗೆ ತುಟಿ ಕಚ್ಚಿ ನಿಂತಳು. ಆಮೇಲೆ ಅಂಗಳಕ್ಕಿಳಿದು ಜಟಕಾದ ಮೆಟ್ಟಿಲ ಹತ್ತಿರ ಬಂದು ನಿಂತಳು. ಗಂಡನ ಕಡೆ ನೋಡಿದಳು, ಅಷ್ಟೆ.

ಬಚ್ಚಮ್ಮ ಮುಪ್ಪಿನವಳು, ತೋಳು ಹಿಡಿದರೆ ಹಗುರ. ಎತ್ತಿ ಜಗಲಿಯ ಮೇಲೆ ಕೂರಿಸುವುದು ಅವನಿಗೆ ಒಂದು ಗಳಿಗೆಯ ಕೆಲಸ. ಕೈಯಲ್ಲಿ ಪಟ್ಟಿ ಹಿಡಿದು ಕುದುರೆಯ ಮುಖಕ್ಕೆ ಬಾಗಿದ. ಬೆಳಗಿನ ಬಿಸಿಲು ನೇರವಾಗಿ ಬೀಳುತ್ತಿತ್ತು. ಎಡಗಣ್ಣಿಗೆ ನೊಣ ಮುತ್ತಿ ನೀರು ಇಳಿದಿತ್ತು, ಸುಳಿಯ ಕೂದಲು ಒದ್ದೆಯಾಗಿ ಚಕ್ರದ ಹಾಗೆ ಕಾಣುತ್ತಿತ್ತು. ಅಟ್ಟಕ್ಕೆ ಎತ್ತಿಟ್ಟದ್ದು ಆಗ ದಡಾರನೆ ಕೆಳಗೆ ಬಿತ್ತು. ಇದನ್ನು ಕಟ್ಟಿಕೊಂಡು ಹೋಗಿ ಏನಾದರೂ ಆದರೆ? ಊರಿನ ಮಾತು ಹಾಗಿರಲಿ, ನಾನೇ ನನ್ನನ್ನು ಏನನ್ನಲಿ?

ಅವನು ಪಟ್ಟಿಯನ್ನು ಗೂಟಕ್ಕೆ ತಗುಲಿಸಿ ಎತ್ತುಗಳ ಕಡೆ ನಡೆದ.

ಗಾಡಿ ಊರು ದಾಟುವವರೆಗೂ ಹಿಂದೆ ಕುದುರೆ ಕೆನೆಯುವುದು ಕೇಳುತ್ತಿತ್ತು. ಕದಿರಮ್ಮ ದಾರಿಯುದ್ದಕ್ಕೂ ಗಾಡಿಯ ಗಳ ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು. ಕೋಲಾರ ಮುಟ್ಟಿದಾಗ ಮಧ್ಯಾಹ್ನ ಒಂದು ದಾಟಿತ್ತು. ತಾಯಿ ಉಳಿದಳು. ಗಂಡುಮಗು, ಉಸಿರಿರಲಿಲ್ಲ. ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಸೊಣ್ಣಪ್ಪನ ಕೈಗೆ ಕೊಟ್ಟರು.

ಅದೇ ಡಾಕ್ಟರಮ್ಮ. ಅವನ ಗುರುತು ಹಿಡಿದಳು.

"ಹೋದ ಸಲಾನೂ ನೀನೇ ಅಲ್ವೇನಪ್ಪ? ಆಗಲೂ ಗಾಡೀಲೇ ಬಂದಿದ್ದೆ. ನಿಮ್ಮೂರಲ್ಲಿ ಒಂದು ಜಟಕಾನೂ ಇಲ್ವಾ?"

"ಇಲ್ಲ ತಾಯಿ" ಎಂದ ಸೊಣ್ಣಪ್ಪ.

ಊರಿಗೆ ಬಂದರೆ ಎಲ್ಲರೂ ಲೆಕ್ಕ ಮುಗಿಸಿ ಕೂತಿದ್ದರು. "ಹೇಳ್ಲಿಲ್ವಾ ನಾನು?" ಎಂದರು ಪಟೇಲರು. ಬಚ್ಚಮ್ಮ ಎದೆ ಬಡಿದುಕೊಂಡು, "ಕಟ್ಟದೇನೇ ಹಿಂಗಾಯ್ತು. ಕಟ್ಟಿದ್ರೆ ಇವಳನ್ನೂ ತಿಂತಿತ್ತು" ಎಂದಳು. ಆ ಮಾತಿಗೆ ಉತ್ತರ ಸೊಣ್ಣಪ್ಪನ ಬಾಯಲ್ಲಿತ್ತು. ಆದರೆ ಉತ್ತರ ಹೇಳಬೇಕಾದರೆ ಗೂಟಕ್ಕೆ ಪಟ್ಟಿ ತಗುಲಿಸಿದ ಕೈ ಯಾರದೆಂದೂ ಹೇಳಬೇಕಿತ್ತು.

ಮಾರೋಣವೆಂದರೆ ಕೊಳ್ಳುವವರಿಲ್ಲ. ಮುಳಬಾಗಿಲಿಗೆ ಹೊಡೆದುಕೊಂಡು ಹೋದರೆ ಸುಳಿಯ ಸುದ್ದಿ ಅವನಿಗಿಂತ ಮುಂಚೆ ಹೋಗಿ ಕೂತಿರುತ್ತಿತ್ತು. ಪುಂಗನೂರಿನ ದಾರಿಯಲ್ಲಿ ಒಬ್ಬ ಬಿಟ್ಟಿ ಕೊಟ್ಟರೂ ಬೇಡವೆಂದು ಕೈ ಮುಗಿದ. ಬುಡನ್ ಸಾಬಿ ತೀರಿಕೊಂಡಿದ್ದ. ಒಂದು ದಿನ ಎರಡು ಹರಿದಾರಿ ಆಚೆಯ ಮಾವಿನ ತೋಪಿನಲ್ಲಿ ಹಗ್ಗ ಬಿಚ್ಚಿ ಬಿಟ್ಟು ಬಂದ. ಅವನು ಕೈಕಾಲು ತೊಳೆದು ಊಟಕ್ಕೆ ಕೂರುವ ಮೊದಲೇ ಅದು ಬಂದು ಬಾಗಿಲಲ್ಲಿ ನಿಂತಿತ್ತು. ಬೇಡವಾದ ಕುದುರೆಯೂ ಹುರುಳಿ ತಿನ್ನುತ್ತದೆ. ಓಡಲಿ ನಿಲ್ಲಲಿ, ನಾಲು ಸವೆಯದಿದ್ದರೂ ಗೊರಸು ಬೆಳೆಯುತ್ತದೆ. ಕದಿರಮ್ಮ ಮೊದಲಿನ ಹಾಗೆಯೇ ಬೇಯಿಸಿ ಇಡುತ್ತಿದ್ದಳು, ಮೊದಲಿನ ಹಾಗೆಯೇ ಮೈ ಉಜ್ಜುತ್ತಿದ್ದಳು. ಗಂಡನ ಜೊತೆ ಬೇಕಾದ ಮಾತು ಆಡುತ್ತಿದ್ದಳು. ಉಪ್ಪು ಮುಗಿದಿದೆ, ಸೊಪ್ಪು ಸಾಲದು, ಅಂಥವು.

ಯುದ್ಧ ಮುಗಿದು ಗೂಡಿನ ಬೆಲೆ ಇಳಿದ ವರ್ಷ ಮಾಲೂರಿನಿಂದ ಸೀನಪ್ಪ ಎಂಬ ಜಟಕಾದವನು ಕುದುರೆ ಹುಡುಕಿಕೊಂಡು ಬಂದ. ಸೊಣ್ಣಪ್ಪ ತಾನಾಗಿಯೇ ಕುದುರೆಯ ಗಲ್ಲ ಹಿಡಿದು ಸುಳಿ ತೋರಿಸಿದ. ಸೀನಪ್ಪ ಅದನ್ನು ಬಿಟ್ಟು ಗೊರಸು ಎತ್ತಿ ನೋಡಿದ.

"ಸುಳಿ ನೋಡ್ಲಿಲ್ವಾ ನೀನು?"

"ನೋಡ್ದೆ ಬಿಡಣ್ಣ. ಮಾಲೂರು ಸ್ಟೇಷನ್‌ನಲ್ಲಿ ರೈಲು ಇಳಿದೋರು ಕುದುರೆ ಮುಖ ನೋಡ್ತಾರಾ? ಗಾಡೀಲಿ ಜಾಗ ಐತಾ ಅಂತ ನೋಡ್ತಾರೆ. ಹೋದ ವಾರ ನನ್ನ ಮುದಿ ಕುದುರೇಲೇ ಇಬ್ಬರು ಬಸುರೀರನ್ನ ಆಸ್ಪತ್ರೆಗೆ ಹಾಕ್ದೆ." ಗೊರಸು ಕೆಳಗಿಟ್ಟು ಬೆನ್ನು ತಟ್ಟಿದ. "ಇದು ನಿಂತು ನಿಂತು ಕೊಬ್ಬಿರೋದು ಬಿಟ್ರೆ ಚಿನ್ನ."

ಕುದುರೆಗೂ ಗಾಡಿಗೂ ಸೇರಿಸಿ ಕೊಟ್ಟಷ್ಟನ್ನು ಸೊಣ್ಣಪ್ಪ ಎಣಿಸದೆ ಇಸಕೊಂಡ. ಹೊರಡುವಾಗ ಕದಿರಮ್ಮ ನೆನೆಸಿದ ಹುರುಳಿಯನ್ನು ಬಟ್ಟೆಯಲ್ಲಿ ಕಟ್ಟಿ ತಂದು, "ಇಟ್ರೆ ಹುಳಿ ಬರ್ತದೆ, ದಾರೀಲಿ ಹಾಕಣ್ಣ" ಎಂದು ಸೀನಪ್ಪನಿಗೆ ಕೊಟ್ಟಳು. ಕುದುರೆಯ ಎಡಗಣ್ಣಿನ ಕೆಳಗೆ ಸೆರಗಿನಿಂದ ಒರೆಸಿದಳು. ಜಟಕಾ ಕೆರೆ ಏರಿ ಹತ್ತಿ ಮರೆಯಾಗುವವರೆಗೂ ಇಬ್ಬರೂ ಅಂಗಳದಲ್ಲಿ ನಿಂತಿದ್ದರು.

"ತಂದ ಮೊದಲನೇ ವಾರಾನೇ ಮುಖ ತೊಳೆಯೋವಾಗ ನೋಡಿದ್ದೆ" ಅಂದಳು ಕದಿರಮ್ಮ.

"ಏನನ್ನ?"

"ಸುಳೀನ."

"ಮತ್ತೆ ನನಗೆ ಹೇಳ್ಲೇ ಇಲ್ಲ."

"ನೀವು ಹೇಳಿದ್ರಾ? ಗೊತ್ತಿದ್ದೂ ನನಗೋಸ್ಕರ ತಂದಿದ್ದೀರಿ ಅಂದ್ಕೊಂಡೆ. ಸುಳಿಗೆ ಹೆದರೋ ಗಂಡಸಲ್ಲ ಅಂದ್ಕೊಂಡೆ." ಅವಳು ಖಾಲಿ ಗಡಿಗೆ ಎತ್ತಿಕೊಂಡಳು. "ಅವತ್ತು ನೀವು ಕಟ್ತೀರಿ ಅಂತಲೇ ನಾನು ಬಂದು ಅಲ್ಲಿ ನಿಂತಿದ್ದು."

ಹುಳುವಿಗೆ ಸೊಪ್ಪು ಹಾಕುವ ಹೊತ್ತಾಗಿತ್ತು. ಅವಳು ಒಳಗೆ ಹೋದಳು. ಸೊಣ್ಣಪ್ಪ ಕೊಟ್ಟಿಗೆಯನ್ನು ಗುಡಿಸಲು ಹೋದವನು, ಗೂಟದಲ್ಲೇ ಮರೆತು ಉಳಿದಿದ್ದ ಕಣ್ಣುಪಟ್ಟಿಯನ್ನು ಕಂಡು, ಪೊರಕೆ ಹಿಡಿದುಕೊಂಡು ಅಲ್ಲೇ ನಿಂತ.