ಎಳ್ಳುಕಾಳಿನಷ್ಟು ಕಿವಿ

ಆ ಮಚ್ಚೆ ಇವರಿಗೆ ಮೊದಲಿಂದಲೂ ಇತ್ತೇ, ಮೀಸೆಯ ಬಲತುದಿಯ ಕೆಳಗೆ, ತುಟಿಯಂಚಿನಲ್ಲಿ, ಅಥವಾ ತಾನೇ ಇಷ್ಟು ದಿನ ಮುಖವೆತ್ತಿ ನೋಡಿರಲಿಲ್ಲವೇ, ಎರಡು ವರ್ಷ ಹೌದು ಸರ್ ಆಯ್ತು ಸರ್ ಎಂದು ಮುಖ್ಯಸ್ಥರ ಅಂಗಿಯ ಗುಂಡಿಗೇ ಉತ್ತರ ಕೊಟ್ಟವಳು ಅವಳು, ಇರಲಿ, ಈಗ ಮಚ್ಚೆಯ ಚಿಂತೆ ಯಾಕೆ, ಎತ್ತಿದ ಎಡಗಾಲು ಎತ್ತಿದಂತೆಯೇ ಇದೆ, ಕೊಕ್ಕರೆಯ ಹಾಗೆ ನಿಂತಿದ್ದಾಳೆ, ಕೆಳಗಿಡುವಂತಿಲ್ಲ, ಚಿಪ್ ಬಿದ್ದರೆ ಇದ್ದವರು ಇದ್ದಲ್ಲೇ ನಿಲ್ಲಬೇಕು, ಹುಡುಕುವವನೊಬ್ಬನೇ ಕದಲಬೇಕು, ಅದು ಈ ಪ್ರಯೋಗಾಲಯದ ಕಾನೂನು, ಕೆಂಪಕ್ಷರದಲ್ಲಿ ಗೋಡೆಗೆ ಅಂಟಿಸಿದವರು ಮುಖ್ಯಸ್ಥರೇ, ಆದ್ದರಿಂದ ಅವರೂ ಟೀ ಕಪ್ಪನ್ನು ಗಲ್ಲದ ಹತ್ತಿರ ಹಿಡಿದು ಗೊಂಬೆಯಾಗಿದ್ದಾರೆ — ಒಳಗೆ ಟೀ ತರಬಾರದು ಎಂಬ ಎರಡನೇ ಸಾಲೂ ಅವರದೇ, ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು. ನೆಲದಲ್ಲಿ ಟಾರ್ಚಣ್ಣ, ಹೆಸರಿಗೆ ಟೆಕ್ನಿಷಿಯನ್, ಟಾರ್ಚು ಹಿಡಿದು ಮಂಡಿಯಲ್ಲಿ ತೆವಳುತ್ತಿದ್ದಾನೆ, ಹೋದ ವರ್ಷ ಕಳೆದಿತ್ತಲ್ಲ, ಆ ಸ್ಕ್ರೂ ಸಿಕ್ತು ಮೇಡಂ, ಸಿಗುವುದೆಲ್ಲ ಸಿಗುತ್ತಿದೆ, ಬೇಕಾದದ್ದೊಂದು ಬಿಟ್ಟು. ಹತ್ತು ಚಿಪ್ ಮಾಡಿಸಿದ್ದರು, ಒಂಬತ್ತು ಒಂದೊಂದಾಗಿ ಕಣ್ಣು ಮುಚ್ಚಿದವು, ಹತ್ತನೆಯದು ನಿನ್ನೆ ಸಂಜೆ ಮೊದಲ ಸಲ ಕೇಳಿಸಿಕೊಂಡಿತು, ಹೌದು, ಕೇಳಿಸಿಕೊಂಡಿತು, ಅತ್ತೆಗೆ ಅವಳು ಹೇಳಿದ್ದೂ ಹಾಗೆಯೇ, ಅಯಸ್ಕಾಂತದ ನಡುವೆ ಒಂದು ಹನಿ ರಕ್ತ ಇಟ್ಟು ರೇಡಿಯೋ ಅಲೆಯಿಂದ ಒಮ್ಮೆ ತಟ್ಟಿದರೆ ಅದರೊಳಗಿನ ಅಣುಗಳು ಮೆಲ್ಲಗೆ ಗುನುಗ್ತವೆ ಅತ್ತೆ, ಯಾವುದು ಹೇಗೆ ಗುನುಗ್ತು ಅಂತ ಕೇಳಿದ್ರೆ ರಕ್ತದಲ್ಲಿ ಏನಿದೆ ಗೊತ್ತಾಗುತ್ತೆ, ದೊಡ್ಡ ಯಂತ್ರಕ್ಕೆ ಒಂದು ಕೋಣೆ ಬೇಕು, ನಾನು ಕಿವೀನೇ ಚಿಕ್ಕದು ಮಾಡಿ ಹನಿಯ ಪಕ್ಕಕ್ಕೇ ಒಯ್ದಿದ್ದೀನಿ, ಬೆಂಕಿಪೊಟ್ಟಣದಷ್ಟು ಯಂತ್ರ ಸಾಕು. ಅತ್ತೆ ಕನ್ನಡಕ ಏರಿಸಿ ಅವಳ ಬೆರಳ ತುದಿಯಲ್ಲಿದ್ದ, ಕಣ್ಣು ಮುಚ್ಚಿದ ಚಿಪ್ಪೊಂದನ್ನು ನೋಡಿದ್ದರು, ಎರಡು ವರ್ಷ ಮನೆ ಮಠ ಬಿಟ್ಟು ಮಾಡಿದ್ದು ಇದೇನಾ, ಎಳ್ಳುಕಾಳಿನಷ್ಟಿದೆ, ಸೀನಿದ್ರೆ ಹೋಯ್ತು, ಡಬ್ಬೀಲಿಡು. ಅತ್ತೆಯ ಬಾಯಿಗೆ ಸಕ್ಕರೆ ಹಾಕಬೇಕೋ ಬೀಗ ಹಾಕಬೇಕೋ. ಸೀನಲಿಲ್ಲ, ಯಾರೂ ಸೀನಲಿಲ್ಲ, ಇವತ್ತು ಯಂತ್ರದಲ್ಲಿ ಕೂರಿಸಲು ಹತ್ತನೆಯದರ ಬೆನ್ನಿಗೆ ಅಂಟು ಸವರಿ ಚಿಮಟದಲ್ಲಿ ಎತ್ತಿದಳು, ಮುಖ್ಯಸ್ಥರು ಎಲ್ಲಿ ನೋಡೋಣ ಎಂದು ಮೂಗು ತಂದು ಚಿಮಟದ ಎದುರೇ ಇಟ್ಟರು, ಕೈ ಬಿಗಿಯಿತು, ನಿಂಬೆಬೀಜ ಒತ್ತಿದ ಹಾಗೆ ಪಟ್ಟೆಂದು ಚಿಮ್ಮಿತು, ಹಿಂದೆ ಸರಿಯಲು ಕಾಲೆತ್ತಿದಳು, ಅಷ್ಟೇ, ಟಾರ್ಚಣ್ಣ ನಿಲ್ಲಿ ಅಂದ.

ಹತ್ತು ನಲವತ್ತು. ಹನ್ನೊಂದಕ್ಕೆ ಆಸ್ಪತ್ರೆಯ ಡಾಕ್ಟರಮ್ಮ ಬರುತ್ತಾರೆ, ಅವರೆದುರು ಒಂದು ಹನಿ ಗುನುಗಿದರೆ ಕೆಲಸ ಮುಂದುವರಿಯುತ್ತದೆ, ಇಲ್ಲದಿದ್ದರೆ ನಾಳೆಯಿಂದ ಈ ಮೇಜು ಬೇರೆಯವರದು, ಅವಳಿಗೆ ಅಳು ಬಂತು, ಒಂಟಿಕಾಲಲ್ಲಿ ಅಳುವುದು ಹೇಗೆಂದು ಗೊತ್ತಾಗದೆ ಸುಮ್ಮನಾದಳು. ಕುರ್ಚಿಯ ಕೆಳಗಿಲ್ಲ ಮೇಡಂ. ಕಪ್ಪಿನ ಹಬೆ ಮುಖ್ಯಸ್ಥರ ಮೀಸೆಗೆ ಏರುತ್ತಿದೆ, ಮಚ್ಚೆ ಬೆವರುತ್ತಿದೆ, ಬಾಯಿ ಪಕ್ಕ ಮಚ್ಚೆ ಇದ್ದವರು ಮಾತುಗಾರರಂತೆ, ಅತ್ತೆ ಹೇಳುತ್ತಾರೆ, ಇವರನ್ನು ನೋಡಿದರೆ ನಿಜವೇ ಅನಿಸುತ್ತದೆ, ಮಚ್ಚೆ ಒಮ್ಮೆ ನೇರಳೆ ಮಿನುಗಿತು, ಅವರು ಉಸಿರು ಬಿಟ್ಟಾಗ ಹಸಿರು, ಮಚ್ಚೆ ಹಸಿರು ಮಿನುಗುತ್ತದೆಯೇ, ಅಂಚು ನೆಟ್ಟಗಿದೆ, ನಾಲ್ಕೂ ಅಂಚು, ಅಯ್ಯೋ, ಚೌಕ ಮಚ್ಚೆ ಯಾರಿಗಿರುತ್ತದೆ. ಹಬೆಗೆ ಅಂಟು ಸಡಿಲಾಗಿ ಅದು ಒಂದು ಕೂದಲೆಳೆ ಕೆಳಗೆ ಜಾರಿತು, ಟೀ ಕಪ್ಪು ಒಂದು ಕೂದಲೆಳೆ ಮೇಲಕ್ಕೆ ಬಂತು, ಕಾನೂನು ಮಾಡಿದವರಿಗೂ ಬಾಯಿ ಒಣಗುತ್ತದಲ್ಲ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ, ಇದು ಬಾಯಿಗೇ ಹೊರಟಿದೆ, ಅದೂ ಅವರ ಬಾಯಿಗೆ, ಹೇಳು, ಹೌದು ಸರ್ ಬಿಟ್ಟು ಬೇರೇನಾದರೂ ಹೇಳು. ಸರ್, ಟೀ ಕುಡೀಬೇಡಿ. ಯಾಕಮ್ಮಾ. ಮಾತೂ ಆಡ್ಬೇಡಿ ಸರ್, ಬಾಯಿ ಮುಚ್ಚಿ. ಟಾರ್ಚಣ್ಣನ ಟಾರ್ಚು ಕೈಜಾರಿ ಉರುಳಿತು, ಎರಡು ವರ್ಷದಲ್ಲಿ ಈ ಮಾತು ಇವರಿಗೆ ಯಾರೂ ಹೇಳಿರಲಿಲ್ಲ, ಮುಖ್ಯಸ್ಥರು ಬಾಯಿ ಮುಚ್ಚಿದರು, ಗಟ್ಟಿಯಾಗಿ, ತುಟಿ ಒಳಗೆಳೆದುಕೊಂಡು, ಅಷ್ಟು ಬೇಡ ಸರ್, ಅಷ್ಟು ಗಟ್ಟಿ ಬೇಡ, ಅವಳು ಎಡಗಾಲು ಕೆಳಗಿಟ್ಟಳು, ಚಿಮಟ ಬೇಡ, ಒತ್ತಿದರೆ ಮತ್ತೆ ಚಿಮ್ಮೀತು, ಕಿರುಬೆರಳ ತುದಿಯನ್ನು ಒದ್ದೆ ಮಾಡಿ ಮುಂದೆ ಚಾಚಿದಳು, ಅವರ ಎರಡೂ ಕಣ್ಣು ಒಂದಾಗಿ ಬೆರಳನ್ನೇ ನೋಡಿದವು, ಮೂಗಿನ ಹೊಳ್ಳೆ ಒಮ್ಮೆ ಅದುರಿತು, ಇನ್ನೊಮ್ಮೆ, ಸೀನಿದ್ರೆ ಹೋಯ್ತು, ಮೀಸೆಯ ಕೆಳಗೆ ಎಳ್ಳುಕಾಳಿನಷ್ಟು, ನೇರಳೆ, ಹಸಿರು, ನಾಲ್ಕು ಅಂಚು, ಚೌಕ ಮಚ್ಚೆ, ಚೌಕ ಮಚ್ಚೆ —