ಸುವರ್ಣಾ ಕೇಳಿದ ಮಾತು

ನಾಗಣಸೂರಿನ ಮನೆಯಲ್ಲಿ ಗಂಗುಬಾಯಿ ಮುಂಜಾನೆಯಿಂದ ಶೇಂಗಾ ಹುರಿಯುತ್ತಿದ್ದಳು. ಮಗಳು ಉಜ್ವಲಾ ಜರ್ಮನಿಗೆ ಹೊರಟಳೆಂದರೆ ಚೀಲದಲ್ಲಿ ಬಟ್ಟೆಗಿಂತ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯೇ ಹೆಚ್ಚು. ಈ ಸಲ ಮಗಳಿಗೆ ಬೇಕಾದದ್ದು ಮಾತ್ರ ಒಂದು ಕಾಗದ. ಮೂರು ವಾರದ ರಜೆಯಲ್ಲಿ ಎರಡು ವಾರ ಪಟ್ಟಣದ ನವಿ ಪೇಠದ ವಕೀಲರ ಮೆಟ್ಟಿಲು ಹತ್ತಿ ಇಳಿಯುವುದರಲ್ಲೇ ಹೋಗಿತ್ತು. ಆಸ್ಪತ್ರೆಯ ಪಾಳಿಯೇ ದಣಿವೆಂದು ತಿಳಿದಿದ್ದಳು ಪಾಪ, ಊರ ಹಿರಿಯರ ರುಚಿ ಗೊತ್ತಿರಲಿಲ್ಲ.

ಎಂಟು ವರ್ಷದ ಹಿಂದೆ ವಾಗದರಿಯ ಕೈಲಾಸನೊಂದಿಗಿನ ಅವಳ ಸಂಸಾರ ಮುರಿದಾಗ ಐವರು ಹಿರಿಯರು ಕೂತು ಸ್ಟಾಂಪ್ ಕಾಗದದ ಮೇಲೆ ಸೋಡಚಿಠ್ಠಿ ಎಂಬ ಚೀಟಿ ಬರೆದರು, ಇಬ್ಬರಿಗೂ ಬಿಡುಗಡೆ ಎಂದರು. ಕೈಲಾಸ ಆರು ತಿಂಗಳಲ್ಲಿ ಸುವರ್ಣಾಳನ್ನು ಮದುವೆಯಾದ. ಉಜ್ವಲಾ ನರ್ಸಾಗಿ ಜರ್ಮನಿ ಸೇರಿದಳು. ಅಲ್ಲಿ ಜೊತೆಗೆ ದುಡಿಯುವ ಪೋಲೆಂಡಿನ ಟೊಮಾಶ್‌ನನ್ನು ಮದುವೆಯಾಗಲು ಹೋದರೆ ನೋಂದಣಿ ಕಚೇರಿಯವರು ಚೀಟಿಯನ್ನು ಹಿಂದಿರುಗಿಸಿದರು. ಕೋರ್ಟಿನ ಆದೇಶ ತರುವವರೆಗೆ ಅವರ ಲೆಕ್ಕದಲ್ಲಿ ಅವಳು ಕೈಲಾಸನ ಹೆಂಡತಿ.

ಹೊಸದಾಗಿ ವಿಚ್ಛೇದನ ತೆಗೆದುಕೊಂಡರೆ ಇಲ್ಲಿಯವರೆಗೆ ಹಳೆಯ ಮದುವೆಯೇ ಇತ್ತೆಂದಾಗಿ, ನಡುವೆ ನಡೆದ ಸುವರ್ಣಾಳ ಮದುವೆಗೆ ಆಧಾರವೇ ಉಳಿಯದು ಎಂದರು ವಕೀಲರು. ಇನ್ನೊಂದು ದಾರಿಯಿತ್ತು. ಇಂಥ ಬಿಡುಗಡೆ ತಮ್ಮ ಜನರ ಹಳೆಯ ರೂಢಿ ಎಂದು ಸಾಬೀತು ಮಾಡಿದರೆ ಕೋರ್ಟು ಚೀಟಿಯನ್ನೇ ಒಪ್ಪೀತು. ಆದರೆ ಬರೆದವರು ಬಂದು ಸಾಕ್ಷಿ ಹೇಳಬೇಕು. ಐವರಲ್ಲಿ ಬದುಕಿದ್ದವರು ಬಸಯ್ಯ ಒಬ್ಬರೇ.

ಆ ಬಸಯ್ಯನವರು ಮನೆಗೆ ಬಂದು ಚಹಾ ಕುಡಿದು, ತಾವು ಕೋರ್ಟಿನ ಮೆಟ್ಟಿಲು ಹತ್ತುವ ಮನುಷ್ಯರಲ್ಲ ಎಂದರು. ಐದು ಜನರ ಮಾತಿಗೆ ಸರಕಾರದ ಮುದ್ರೆ ಯಾಕೆ ಬೇಕು ಎಂದು ಕೇಳಿದರು. ಆಮೇಲೆ ಜೇಬಿನಿಂದ ಹೊಸದೊಂದು ಸ್ಟಾಂಪ್ ಕಾಗದ ತೆಗೆದರು.

"ಇಕಿಗೆ ಲಗ್ನನ ಆಗಿಲ್ಲಂತ ಬರದ ತಂದೀನಿ. ಅಲ್ಲೇ ಬ್ಯಾರೆ ಊರಿನ ಕಚೇರ್ಯಾಗ ತೋರಸ್ಲಿ, ಅಷ್ಟ ದೂರದವ್ರಿಗೆ ಏನ ಗೊತ್ತಾಗ್ತೈತಿ? ಶಾಂತಲಿಂಗಪ್ಪ, ನೀ ಸಹಿ ಹಾಕು. ಹಿಂದಕೂ ನೀನ ಹಾಕಿದ್ದಿ."

ಅಪ್ಪ ಶಾಂತಲಿಂಗಪ್ಪ ಮಗಳ ಮುಖ ನೋಡಿದ. "ಮುಗದ ಹೋಗ್ಲಿ ಬಿಡವ್ವ," ಎಂದ.

ಉಜ್ವಲಾಳಿಗೂ ಮುಗಿದರೆ ಸಾಕಾಗಿತ್ತು. ಟೊಮಾಶ್ ಎರಡು ವರ್ಷದಿಂದ ಕಾಯುತ್ತಿದ್ದ. ಆಗಲೇ, ಬಸಯ್ಯನವರು ಸಾಕ್ಷಿಗೆ ಒಲ್ಲೆ ಎನ್ನುತ್ತಾರೆಂಬ ಸುದ್ದಿ ತಿಳಿದು ವಾಗದರಿಯಿಂದ ಸುವರ್ಣಾ ಬಂದಳು. ಬಾಗಿಲಲ್ಲೇ ನಿಂತು ಬಸಯ್ಯನವರನ್ನು ಕೇಳಿದಳು:

"ಅಜ್ಜಾರ, ಆ ಚಿಠ್ಠಿ ಖರೇ ಇತ್ತಂದ್ರ ಹೇಳಾಕ ಯಾಕ ಅಂಜ್ತೀರಿ? ಸುಳ್ಳ ಇತ್ತಂದ್ರ ನಾ ಕೈಲಾಸಗ ಏನಾಗ್ಬೇಕರಿ?"

ಮೂವತ್ತು ವರ್ಷ ಮಂದಿಯ ಸಂಸಾರ ಬಿಡಿಸಿದ ಬಸಯ್ಯನವರು ಹೊಸ ಕಾಗದವನ್ನು ಶಾಂತಲಿಂಗಪ್ಪನ ಮುಂದೆ ಇನ್ನಷ್ಟು ಸರಿಸಿದರು. ಉಜ್ವಲಾಳಿಗೆ ಸಿಟ್ಟು ಬಂತು, ಅವರ ಮೇಲಷ್ಟೇ ಅಲ್ಲ, ಈ ಕಾಗದಕ್ಕೆ ಅರ್ಧ ಮನಸ್ಸು ಮಾಡಿದ್ದ ತನ್ನ ಮೇಲೂ.

"ಅಪ್ಪಾ, ಸಹಿ ಹಾಕಬ್ಯಾಡ," ಎಂದಳು. "ಅಜ್ಜಾರ, ಕೇಸ್ ಹಾಕ್ತೀನಿ. ಕೋರ್ಟಿನವ್ರು ಕರಿತಾರ, ಬರ್ರಿ."

ಟಿಕೀಟು ಮುಂದೂಡಿದಳು. ಮದುವೆ ಈ ವರ್ಷ ಆಗಲಿಕ್ಕಿಲ್ಲ ಎಂದು ಟೊಮಾಶ್‌ಗೆ ಫೋನಿನಲ್ಲಿ ಹೇಳುವಾಗ ಅತ್ತಳು.

ಮರುದಿನ ವಕೀಲರ ಮೇಜಿನ ಮೇಲೆ ಅರ್ಜಿ ಇತ್ತು, ಉಜ್ವಲಾಳ ಜೊತೆ ಸುವರ್ಣಾಳೂ ಅರ್ಜಿದಾರಳು. ಸುವರ್ಣಾ ತನ್ನ ಹೆಸರು ಬರೆದು ತಡೆದಳು. "ಮುಂದ ಅಪ್ಪನ ಹೆಸರ ಬರೀಲ್ಯೋ, ಗಂಡನ ಹೆಸರ ಬರೀಲ್ಯೋ, ಅಕ್ಕಾ?"

"ಗಂಡಂದ ಬರಿ," ಎಂದಳು ಉಜ್ವಲಾ. "ಅದನ್ನ ಕೇಳಾಕನ ಬಂದೀವಿ."